ಬಾಗಿಲು ಹಾಕಿದ ಮೂರು ಗಂಟೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮೂರು ವರ್ಷ ಕಚೇರಿಯೊಂದರಲ್ಲಿ ದುಡಿದು, ಮಗು ಹುಟ್ಟಿದ ಮೇಲೆ ಅದನ್ನು ಬಿಟ್ಟು, ಈಗ ಮನೆಯಲ್ಲಿಯೇ ಕುಳಿತು ಪುಸ್ತಕಗಳಿಗೂ ಜಾಹೀರಾತುಗಳಿಗೂ ಕನ್ನಡ ಬರೆದುಕೊಡುವ ಉದ್ಯೋಗವನ್ನು ಹಿಡಿದಿದ್ದಾಳೆ. ಕುಶಲಪ್ರಶ್ನೆಗಳೆಲ್ಲ ಮುಗಿದು ಕಾಫಿಯ ಲೋಟವನ್ನು ಕೆಳಗಿಟ್ಟ ಮೇಲೆ ಸಂಕೋಚದಿಂದ ಕೇಳಿದಳು:

"ಸಾರ್, ಕಚೇರಿಗೆ ಹೋಗುತ್ತಿದ್ದಾಗ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುತ್ತಿದ್ದೆ. ಈಗ ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ ಇದ್ದೇನೆ. ಎರಡು ಗಂಟೆಯ ಕೆಲಸವೂ ಸಾಗುವುದಿಲ್ಲ. ಬರೆದದ್ದನ್ನು ತಿದ್ದುವುದಕ್ಕಂತೂ ವ್ಯವಧಾನವೇ ಇಲ್ಲ. ನೀವು ಹೇಗೆ ನಿಭಾಯಿಸುತ್ತೀರಿ?"

ಉಪದೇಶ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಅಧ್ಯಾಪಕನ ಜಾಯಮಾನಕ್ಕೆ ಒಗ್ಗದು. ಗಂಟಲು ಸರಿಪಡಿಸಿಕೊಂಡು, "ನೋಡಮ್ಮ, ಎಲ್ಲಕ್ಕೂ ಶಿಸ್ತು ಮುಖ್ಯ" ಎಂದು ಆರಂಭಿಸಿದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಪಾತ್ರೆಯೊಂದನ್ನು ಅಗತ್ಯಕ್ಕಿಂತ ತುಸು ಜೋರಾಗಿ ಕೆಳಗಿಟ್ಟ ಸದ್ದು ಕೇಳಿಸಿತು. ಹಲವು ವರ್ಷ ಸಂಸಾರ ಮಾಡಿದವನಿಗೆ ಅಂಥ ಸದ್ದಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ. ಮಾತನ್ನು ಅಲ್ಲಿಗೇ ನಿಲ್ಲಿಸಿ, "ಈ ಪ್ರಶ್ನೆಗೆ ಅಂಕಣದಲ್ಲಿಯೇ ಉತ್ತರ ಬರೆಯುತ್ತೇನೆ" ಎಂದು ಹೇಳಿ ಅವಳನ್ನು ಕಳುಹಿಸಿಕೊಟ್ಟೆ. ಪಾತ್ರೆಯ ಸದ್ದಿಗೆ ಕಾರಣವೇನೆಂಬುದು ಮುಂದೆ ವಾಚಕರಿಗೆ ತಿಳಿಯುತ್ತದೆ.

ಕನ್ನಡ ಎಂ.ಎ. ಓದಿದವನಿಗೆ ಬರವಣಿಗೆಯ ಮಾತು ಬಂದರೆ ಗದುಗಿನ ನಾರಣಪ್ಪ ನೆನಪಾಗದೆ ಇರುವುದಿಲ್ಲ. ಕುಮಾರವ್ಯಾಸನು ಪ್ರತಿನಿತ್ಯವೂ ಮಿಂದು, ಒದ್ದೆಯ ವಸ್ತ್ರದಲ್ಲಿಯೇ ವೀರನಾರಾಯಣನ ಗುಡಿಗೆ ಬಂದು, ಕಂಬವೊಂದರ ಬಳಿ ಕುಳಿತು ಕಾವ್ಯ ರಚಿಸುತ್ತಿದ್ದನೆಂದೂ, ಬಟ್ಟೆ ಒದ್ದೆಯಾಗಿರುವಷ್ಟು ಹೊತ್ತು ಕವಿತೆ ಹರಿದು, ಅದು ಆರಿದೊಡನೆ ನಿಂತುಹೋಗುತ್ತಿತ್ತೆಂದೂ ಐತಿಹ್ಯವಿದೆ. ಗದಗಿನ ಗುಡಿಯಲ್ಲಿ ಆ ಕಂಬವನ್ನು ಈಗಲೂ ತೋರಿಸುತ್ತಾರೆ. ತರಗತಿಯಲ್ಲಿ ಈ ಕಥೆ ಹೇಳಿದಾಗ ಹುಡುಗರು ನಗುತ್ತಾರೆ. ನನಗೇನೋ ಇದರಷ್ಟು ಸೊಗಸಾದ ವೇಳಾಪಟ್ಟಿ ಮತ್ತೊಂದಿಲ್ಲವೆನಿಸುತ್ತದೆ. ಗಡಿಯಾರದ ಹಂಗಿಲ್ಲ, ಮೈಮೇಲಿನ ಬಟ್ಟೆಯೇ ಹೊತ್ತನ್ನು ಅಳೆಯುತ್ತದೆ. ಆದರೆ ಒಂದು ಅಂಶವನ್ನು ಮರೆಯಬಾರದು: ಮಹಾಕವಿ ಮನೆಯಲ್ಲಿ ಕುಳಿತು ಬರೆಯಲಿಲ್ಲ. ಮನೆಯಲ್ಲಿ ಒದ್ದೆಬಟ್ಟೆಯಲ್ಲಿ ಕುಳಿತಿದ್ದರೆ, ಷಟ್ಪದಿಯ ಮೂರನೆಯ ಸಾಲು ಮುಗಿಯುವ ಮೊದಲೇ "ಶೀತವಾದೀತು, ಏಳಬಾರದೇ?" ಎಂಬ ಮಾತು ಕೇಳಿಬರುತ್ತಿತ್ತು.

ಇದೇ ಕವಿ ತನ್ನ ಅಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ, ತಾನು ಹಲಗೆ ಬಳಪಗಳನ್ನು ಹಿಡಿದವನಲ್ಲವೆಂದೂ ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲವೆಂದೂ ಹೆಮ್ಮೆಪಡುತ್ತಾನೆ. ಆ ಹೆಮ್ಮೆಯ ಒಳಗೆ ನಮಗೆ ಸಮಾಧಾನ ತರುವ ಸಮಾಚಾರವೊಂದು ಅಡಗಿದೆ. ಉಳಿದ ಕವಿಗಳೆಲ್ಲ ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಏರಿಸುತ್ತಿದ್ದಿರಬೇಕು. ಇಲ್ಲವಾದರೆ ಅವನು ಹೆಮ್ಮೆಪಡುವುದಕ್ಕೆ ಕಾರಣವೇ ಇರುತ್ತಿರಲಿಲ್ಲ. ನಾನೂ ನನ್ನ ವಿದ್ಯಾರ್ಥಿನಿಯೂ ಈ ಪತ್ರಿಕೆಗೆ ಬರೆಯುವ ಬಹುಮಂದಿಯೂ ಹಲಗೆ ಬಳಪದ ಜಾತಿಗೆ ಸೇರಿದವರು. ಬರೆಯುವುದಕ್ಕೆ ಹೊತ್ತು ಬೇಕು. ಅಳಿಸುವುದಕ್ಕೂ ಹೊತ್ತು ಬೇಕು. ಈ ಎರಡು ಹೊತ್ತುಗಳು ಒಂದೇ ಬಗೆಯವಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ, ಅದೂ ತಲೆ ತಗ್ಗಿಸುವಂತಹ ಪ್ರಸಂಗವೊಂದರಿಂದ.

2020ನೆಯ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತದ್ದು ಯಾರಿಗೂ ಮರೆತಿರಲಾರದು. ಕಾಲೇಜು ಮುಚ್ಚಿತು. ಮೈಸೂರಿನ ನಮ್ಮ ಬಾಡಿಗೆಯ ಮನೆಯಲ್ಲಿ ಎರಡು ಕೋಣೆ, ಒಂದು ನಡುಮನೆ. ಅದರೊಳಗೆ ನಾನು, ನನ್ನ ಶ್ರೀಮತಿ, ನನ್ನ ತಾಯಿ, ನಾಲ್ಕು ವರ್ಷದ ಮಗಳು. ಬಹುದಿನಗಳಿಂದ ಬಾಕಿ ಉಳಿದಿದ್ದ ಬರವಣಿಗೆಯನ್ನೆಲ್ಲ ಮುಗಿಸಿಬಿಡಬೇಕೆಂಬ ಉತ್ಸಾಹ ನನಗೆ ಉಕ್ಕಿಬಂತು. ಆ ದಿನಗಳಲ್ಲಿ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ಪನ ಆತ್ಮಕಥೆ ನನ್ನ ಕೈಯಲ್ಲಿತ್ತು. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಪ್ರಕಟವಾದ ಪುಸ್ತಕ. ಅಂಚೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಆ ಪುಣ್ಯಾತ್ಮ ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ 250 ಪದಗಳಂತೆ ಬರೆದು, ಉಪಾಹಾರದ ಹೊತ್ತಿಗೆ ದಿನದ ಬರವಣಿಗೆಯನ್ನು ಮುಗಿಸಿಬಿಡುತ್ತಿದ್ದ. ಹೀಗೆ ಬರೆದ ಕಾದಂಬರಿಗಳು 47. ಓದಿ ರೋಮಾಂಚನಗೊಂಡು, ಮರುದಿನದಿಂದ ನಾನೂ ಐದೂವರೆಯಿಂದ ಎಂಟೂವರೆಯವರೆಗೆ ಒಂದು ಕೋಣೆಯ ಬಾಗಿಲು ಹಾಕಿಕೊಂಡೆ. 'ಬರೆಯುತ್ತಿದ್ದೇನೆ, ಕರೆಯಬೇಡಿ' ಎಂಬ ಹಲಗೆಯೊಂದನ್ನೂ ಬಾಗಿಲಿಗೆ ತೂಗುಹಾಕಿದೆ. ಆ ಮನೆಯಲ್ಲಿ ಅದನ್ನು ಓದಬಲ್ಲ ಇಬ್ಬರೂ ಕರೆಯುವ ಸ್ವಭಾವದವರಲ್ಲ. ಕರೆಯುತ್ತಿದ್ದವಳಿಗೆ ಓದಲು ಬರುತ್ತಿರಲಿಲ್ಲ.

ವ್ಯವಸ್ಥೆ ಅದ್ಭುತವಾಗಿ ನಡೆಯಿತು. ಆರೂವರೆಗೆ ಬಾಗಿಲ ಸಂದಿಯಿಂದ ಕಾಫಿ ಬರುತ್ತಿತ್ತು. ಮಗಳ ಅಳು ಬಾಗಿಲವರೆಗೆ ಬಂದು, ಯಾರೋ ಎತ್ತಿಕೊಂಡಂತೆ, ಹಿಂದಕ್ಕೆ ಹೋಗುತ್ತಿತ್ತು. ಹಾಲಿನವನು, ತರಕಾರಿ ಗಾಡಿಯವನು, ಪಕ್ಕದ ಮನೆಯವರು, ಎಲ್ಲರೂ ಬಾಗಿಲ ಆಚೆಗೇ ಬಂದು ಹೋಗುತ್ತಿದ್ದರು. ಹದಿನೈದು ದಿನದಲ್ಲಿ ನಲವತ್ತು ಪುಟ. ಮಿತ್ರರಿಗೆಲ್ಲ ಫೋನು ಮಾಡಿ ಶಿಸ್ತಿನ ಮಹಿಮೆಯನ್ನು ಕೊಂಡಾಡಿದೆ.

ನನ್ನ ಶ್ರೀಮತಿಯೂ ಮನೆಯಲ್ಲಿ ಕುಳಿತು ಬರೆಯುವವಳೇ. ನನಗಿಂತ ಹೆಚ್ಚು ವರ್ಷಗಳಿಂದ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವುದು ಅವಳ ಕೆಲಸ. ಪುಟಕ್ಕೆ ಇಷ್ಟೆಂದು ಹಣ. 'ಕುಳಿತು ಬರೆಯುವವಳು' ಎಂದೆನಲ್ಲ, ಅದೇ ತಪ್ಪು. ಅವಳು ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ಕುಕ್ಕರು ಮೂರನೆಯ ಸಲ ಕೂಗುವುದರೊಳಗೆ ಎರಡು ಸಾಲು, ಮಗಳಿಗೆ ನಿದ್ದೆ ಹತ್ತಿದ ಮೇಲೆ ಅರ್ಧ ಪುಟ, ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದದ್ದು. ಬೇಳೆಯ ಡಬ್ಬಿಗಳ ಪಕ್ಕದ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೆನ್ನು ಮೇಲಾಗಿ ಅಂಟಿಸಿ, ಕೈಗೆ ಸಿಕ್ಕದ ವಾಕ್ಯವೊಂದನ್ನು ಅದರ ಮೇಲೆ ಪೆನ್ಸಿಲಿನಿಂದ ಬರೆದಿಡುತ್ತಾಳೆ. ಹುಳಿ ಕುದಿಯುತ್ತಿರುವಾಗ ಅದರತ್ತ ನೋಡುತ್ತಾಳೆ, ಒಂದು ಪದವನ್ನು ಹೊಡೆಯುತ್ತಾಳೆ, ಒಗ್ಗರಣೆ ಹಾಕುತ್ತಾಳೆ, ಮತ್ತೆ ನೋಡುತ್ತಾಳೆ. ಅದನ್ನು ನಾನು ಅಡಿಗೆಯ ಸಾಮಾನಿನ ಪಟ್ಟಿಯೆಂದೇ ಬಹುಕಾಲ ಭಾವಿಸಿದ್ದೆ.

ಆ ಏಪ್ರಿಲಿನಲ್ಲಿ ಅವಳ ಕೈಯಲ್ಲಿ ತಾಯಂದಿರಿಗಾಗಿ ಸಿದ್ಧವಾಗುತ್ತಿದ್ದ ಸಣ್ಣ ಪುಸ್ತಿಕೆಯೊಂದಿತ್ತು. ಮಕ್ಕಳಿಗೆ ವಾಂತಿಭೇದಿಯಾದಾಗ ಏನು ಮಾಡಬೇಕೆಂಬುದು ವಿಷಯ. ಒಂದು ಸಂಜೆಯೊಳಗೆ ಅದು ಹೋಗಲೇಬೇಕಾಗಿತ್ತು. ಸಾಮಾನ್ಯವಾಗಿ ಅವಳು ಬರೆದುದನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ನನ್ನ ತಾಯಿಗೆ ಓದಿ ಹೇಳಿ, ಆಮೇಲೆ ಕಳುಹಿಸುವುದು ಪದ್ಧತಿ. ಆ ದಿನ ಅದಕ್ಕೆ ಹೊತ್ತಿರಲಿಲ್ಲ. ಹೊತ್ತು ಏಕಿರಲಿಲ್ಲವೆಂದು ಆಗ ನಾನು ಯೋಚಿಸಲಿಲ್ಲ. "ರೀ, ಕಾಗುಣಿತ ಮಾತ್ರ ಒಂದು ಸಲ ನೋಡಿ. ಆಮೇಲೆ ಅಮ್ಮನಿಗೆ ಓದಿ ಹೇಳಿಬಿಡಿ" ಎಂದು ನನಗೆ ಕೊಟ್ಟಳು.

ಕಾಗುಣಿತ ಮಾತ್ರ ನೋಡುವುದಕ್ಕೆ ಎಂ.ಎ. ಪದವಿ ಏಕೆ ಬೇಕು? ಅಂಗಡಿಯಿಂದ ತರುವ ಪೊಟ್ಟಣ ಸಿಕ್ಕದಿದ್ದಾಗ ಉಪ್ಪು ಸಕ್ಕರೆಯ ನೀರನ್ನು ಮನೆಯಲ್ಲಿ ಮಾಡಿಕೊಳ್ಳುವ ವಿಧಾನ ಅದರಲ್ಲಿತ್ತು. ಅವಳು ಹೀಗೆ ಬರೆದಿದ್ದಳು: 'ಕುದಿಸಿ ಆರಿಸಿದ ನೀರು ಒಂದು ಲೀಟರ್ ತೆಗೆದುಕೊಳ್ಳಿ. ಸಕ್ಕರೆ ಆರು ಟೀ ಚಮಚ ಹಾಕಿ. ಉಪ್ಪು ಅರ್ಧ ಟೀ ಚಮಚ ಹಾಕಿ. ಪ್ರತಿಸಲವೂ ಚಮಚದ ತಲೆ ಸವರಿ ಅಳೆಯಿರಿ.' ತಂತಿ ಸಮಾಚಾರದಂತೆ ಕುಂಟುವ ಈ ತುಂಡು ವಾಕ್ಯಗಳನ್ನು ಕಂಡು ನನಗೆ ಮರುಕವಾಯಿತು. ಎಲ್ಲವನ್ನೂ ಕೂಡಿಸಿ, ಉಜ್ಜಿ, ಹೊಳಪು ಕೊಟ್ಟು ಹೀಗೆ ಮಾಡಿದೆ: 'ಒಂದು ಲೀಟರ್ ಶುದ್ಧೋದಕದಲ್ಲಿ ಆರು ಚಮಚದಷ್ಟು ಸಕ್ಕರೆ ಮತ್ತು ಲವಣವನ್ನು, ದ್ವಿತೀಯವು ಅರ್ಧ ಚಮಚವನ್ನು ಮೀರದಂತೆ, ವಿಲೀನಗೊಳಿಸತಕ್ಕದ್ದು.' ವಾಕ್ಯದ ಗಾಂಭೀರ್ಯಕ್ಕೆ ನಾನೇ ಮಾರುಹೋದೆ.

ಅಮ್ಮ ನಡುಮನೆಯಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ಗಟ್ಟಿಯಾಗಿ ಓದಿದೆ. ಅವರ ಕೈ ನಿಂತಿತು.

"ಉಪ್ಪೂ ಆರು ಚಮಚವೇನೋ?"

"ಅಲ್ಲಮ್ಮ, ದ್ವಿತೀಯವು ಅರ್ಧ ಚಮಚ ಎಂದಿದೆಯಲ್ಲ."

"ದ್ವಿತೀಯ ಅಂದರೆ ಯಾರು? ಮಗು ಅಲ್ಲಿ ಕಣ್ಣು ತೇಲಿಸುತ್ತಿರುವಾಗ ಅದರ ತಾಯಿ ದ್ವಿತೀಯ ಯಾರೆಂದು ಹುಡುಕುತ್ತಾಳೆಯೇ? ಆರು ಚಮಚ ಸಕ್ಕರೆ ಮತ್ತು ಲವಣ ಅಂದೆ, ಅಷ್ಟೂ ಸುರಿಯುತ್ತಾಳೆ. ಮಗು ಬದುಕುತ್ತದೆಯೇ?"

ಇಲ್ಲಿ ಅತಿಶಯೋಕ್ತಿ ಏನೂ ಇಲ್ಲ. ನೀರು ಬತ್ತಿದ ಎಳೆಯ ದೇಹಕ್ಕೆ ಉಪ್ಪು ಹೆಚ್ಚಾಗಿ ಸೇರಿದರೆ ಅದು ಔಷಧವಾಗುವುದಿಲ್ಲ, ವಿಷವಾಗುತ್ತದೆ. ನನ್ನ ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಶ್ರೀಮತಿ ನಿಂತಿದ್ದಳು. ಅವಳು ಏನನ್ನೂ ಹೇಳಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಕಿತ್ತು ತಂದು ನನ್ನ ಮುಂದೆ ಇಟ್ಟಳು. ಆ ನಾಲ್ಕು ತುಂಡು ವಾಕ್ಯಗಳು ಏಳು ಸಲ ಬದಲಾಗಿದ್ದವು. ಮೊದಲನೆಯದು ಹೆಚ್ಚುಕಡಿಮೆ ನಾನು ಬರೆದ ವಾಕ್ಯದಂತೆಯೇ ಇತ್ತು. 'ದ್ವಿತೀಯ'ವೊಂದು ಇರಲಿಲ್ಲ, ಅಷ್ಟೆ. ಅದನ್ನು ಹೊಡೆದು, ಸಕ್ಕರೆಯನ್ನೂ ಉಪ್ಪನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಇಡುವವರೆಗೆ ಅವಳು ಎರಡು ದಿನ ಹುಳಿ ಕುದಿಸಿದ್ದಳು. ಅವಳ ಗುರಿಯನ್ನು ನಾನು ಅವಳ ಕುಂಟು ಎಂದುಕೊಂಡಿದ್ದೆ.

ಹಳೆಯ ವಾಕ್ಯಗಳೇ ಪುಸ್ತಿಕೆಗೆ ಹೋದವು. ಆ ರಾತ್ರಿ ಟ್ರಾಲಪ್ಪನನ್ನು ಮತ್ತೆ ತೆರೆದೆ. ಮೊದಲ ಓದಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗಡಿಯಾರ ಒಂದೇ. ಅದೇ ಪ್ರಸಂಗದಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಒಂದು: ಅವನನ್ನು ಬೆಳಗ್ಗೆ ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಒಬ್ಬ ಮುದಿ ಕುದುರೆಯಾಳಿದ್ದ, ಅದಕ್ಕಾಗಿ ಅವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಸಂಬಳ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವನು ತಡಮಾಡಲಿಲ್ಲವೆಂದೂ, ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ತಾನು ಹೆಚ್ಚು ಋಣಿಯಾಗಿರಬಹುದೆಂದೂ ಟ್ರಾಲಪ್ಪ ಬರೆದಿದ್ದಾನೆ. ಒಡೆಯ ಐದೂವರೆಗೆ ಮೇಜಿನ ಮುಂದೆ ಕುಳಿತಿರಬೇಕಾದರೆ ಆಳು ಎಷ್ಟು ಗಂಟೆಗೆ ಏಳಬೇಕು? ನಮ್ಮ ಮನೆಯಲ್ಲಿ ಐದು ಪೌಂಡಿನ ಲೆಕ್ಕವೂ ಇರಲಿಲ್ಲ. ನನ್ನ ಮೂರು ಗಂಟೆಗಳು ಶಿಸ್ತಿನಿಂದ ಹುಟ್ಟಿದವಲ್ಲ. ಇನ್ನೊಬ್ಬರ ದಿನದಿಂದ ಕತ್ತರಿಸಿ ತಂದವು. ಕತ್ತರಿಸಿದ ಕಡೆ ಉಳಿದದ್ದು ಚೂರುಗಳು. ಪುಸ್ತಿಕೆಯನ್ನು ಒಂದು ರಾತ್ರಿ ಇಟ್ಟು ನೋಡುವ ವ್ಯವಧಾನ ಅವಳಿಗೆ ಇಲ್ಲದೆ ಹೋದದ್ದು ಅದರಿಂದಲೇ.

ಎರಡನೆಯ ಸಂಗತಿ ಬರವಣಿಗೆಗೆ ಸೇರಿದ್ದು. ಟ್ರಾಲಪ್ಪನ ಮೂರು ಗಂಟೆಗಳಲ್ಲಿ ಮೊದಲನೆಯ ಅರ್ಧ ಗಂಟೆ ಬರೆಯುವುದಕ್ಕಲ್ಲ. ಹಿಂದಿನ ದಿನ ಬರೆದುದನ್ನು ಓದಿ, ಪದಗಳ ಸದ್ದನ್ನು ಕಿವಿಯಿಂದ ತೂಗಿ ನೋಡುವುದಕ್ಕೆ. ಹಿಂದಿನ ದಿನದ್ದನ್ನು ಎಂಬ ಮಾತು ಮುಖ್ಯ. ಬರೆದ ಕೈ ಬಿಸಿಯಾಗಿರುವಾಗ ತಪ್ಪು ಕಾಣಿಸುವುದಿಲ್ಲ. ಜೇನ್ ಆಸ್ಟೆನ್ ತನ್ನ ಕಡೆಯ ಪೂರ್ಣ ಕಾದಂಬರಿ 'ಪರ್ಸುಯೇಷನ್' ಅನ್ನು 1816ರ ಜುಲೈನಲ್ಲಿ ಮುಗಿಸಿ, ಮುಗಿತಾಯ ಸಪ್ಪೆಯಾಯಿತೆಂದು ಬೇಸರದಿಂದ ಮಲಗಿ, ಮರುದಿನ ಹೊಸ ಉತ್ಸಾಹದಿಂದ ಎದ್ದು, ಒಂದು ಅಧ್ಯಾಯವನ್ನು ತೆಗೆದುಹಾಕಿ ಬೇರೆ ಎರಡನ್ನು ಬರೆದಳೆಂದು ಅವಳ ಸೋದರಳಿಯ ದಾಖಲೆ ಮಾಡಿದ್ದಾನೆ. ತೆಗೆದುಹಾಕಿದ ಭಾಗದ ಹಸ್ತಪ್ರತಿ ಇಂದಿಗೂ ಉಳಿದಿದೆ. ಅವಳಿಗೂ ಸ್ವಂತದ ಕೋಣೆಯಿರಲಿಲ್ಲ. ಮನೆಮಂದಿ ಓಡಾಡುವ ಕೂಡುಕೋಣೆಯಲ್ಲಿ, ಯಾರಾದರೂ ಬಂದರೆ ಥಟ್ಟನೆ ಮುಚ್ಚಿಡಬಹುದಾದ ಪುಟ್ಟ ಹಾಳೆಗಳ ಮೇಲೆ ಬರೆಯುತ್ತಿದ್ದಳು. ಕಿರುಗುಡುವ ಬಾಗಿಲೊಂದನ್ನು ರಿಪೇರಿ ಮಾಡಗೊಡಲಿಲ್ಲ, ಆ ಸದ್ದೇ ಅವಳಿಗೆ ಎಚ್ಚರಿಕೆ. ನಮ್ಮಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂದದ್ದು 1963ರಲ್ಲಿ, ಅವರ ನಲವತ್ತಾರನೆಯ ವಯಸ್ಸಿನಲ್ಲಿ. ಗೃಹಿಣಿಗೆ ಬಿಡುವು ಎಷ್ಟು ತಡವಾಗಿ ದೊರೆಯುತ್ತದೆಂಬುದಕ್ಕೆ ಈ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಈಗ ವಿದ್ಯಾರ್ಥಿನಿಗೆ ಉತ್ತರ. ಮನೆಯಲ್ಲಿ ಕೆಲಸ ಮಾಡುವವರ ಹೊತ್ತು ಎರಡು ಬಗೆ: ಇಡಿ ಹೊತ್ತು, ಚೂರು ಹೊತ್ತು. ಹೊಸದಾಗಿ ಬರೆಯುವುದಕ್ಕೆ ಇಡಿ ಹೊತ್ತೇ ಬೇಕು. ಒಂದೂವರೆ ಗಂಟೆಯಾದರೂ ಕಡಿಯದೆ ಸಿಕ್ಕಬೇಕು. ಚೂರುಗಳನ್ನು ಎಷ್ಟು ಕೂಡಿಸಿದರೂ ಅದು ಇಡಿಯಾಗುವುದಿಲ್ಲ, ಹರಿದ ನೋಟಿನಂತೆ. ಆದರೆ ತಿದ್ದುವುದಕ್ಕೆ ಚೂರು ಹೊತ್ತೇ ಮೇಲು. ಒಂದು ವಾಕ್ಯವನ್ನು ಗೋಡೆಗೆ ಅಂಟಿಸಿ ಹತ್ತು ಸಲ ಹಾದುಹೋಗುವಾಗ ಹತ್ತು ಸಲವೂ ಅದು ಹೊಸದಾಗಿ ಕಾಣುತ್ತದೆ. ಮೇಜಿನ ಮುಂದೆ ಒಂದೇ ಸಮನೆ ಕುಳಿತವನಿಗೆ ಈ ಭಾಗ್ಯವಿಲ್ಲ. ಚೂರುಗಳು ನಿನಗೆ ಹೇಗೂ ಸಿಗುತ್ತವೆ, ತಾಯಿ. ಇಡಿ ಹೊತ್ತು ಮಾತ್ರ ತಾನಾಗಿ ಸಿಗುವುದಲ್ಲ. ಮನೆಯಲ್ಲಿ ಮತ್ತೊಬ್ಬರು ಕೊಡಬೇಕಾದದ್ದು. ಅದನ್ನು ನನ್ನಿಂದ ಕೇಳಿ ಪ್ರಯೋಜನವಿಲ್ಲ, ನಿನ್ನ ಯಜಮಾನರಿಂದ ಕೇಳಬೇಕು. ಸಂಕೋಚವಾದರೆ ಈ ಪುಟವನ್ನು ಅವರ ಕಾಫಿಯ ಲೋಟದ ಕೆಳಗೆ ಇಡಬಹುದು.

ಗಟ್ಟಿಯಾಗಿ ಓದುವುದರ ವಿಷಯ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ; 'ಅಲ್ಲ', 'ಬಾರದು' ಎಂಬ ನಿಷೇಧವೂ ಕೊನೆಗೇ. ಆ ಪುಸ್ತಿಕೆಯ ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: 'ಮಗುವಿಗೆ ಭೇದಿಯಾದಾಗ ಮೊಲೆಹಾಲನ್ನು ನಿಲ್ಲಿಸಬೇಕೆಂದು ನೆರೆಹೊರೆಯವರು ಹೇಳುವ ಮಾತನ್ನು ತಾಯಿ ನಂಬಬಾರದು.' ವ್ಯಾಕರಣ ಶುದ್ಧವಾಗಿದೆ. ಆದರೆ ಕೇಳುವವಳ ಕಿವಿಗೆ 'ಹಾಲನ್ನು ನಿಲ್ಲಿಸಬೇಕು' ಎಂಬುದು ಮೊದಲು ತಲುಪಿ ಅಲ್ಲಿಯೇ ಬೇರೂರುತ್ತದೆ. 'ನಂಬಬಾರದು' ಬರುವ ಹೊತ್ತಿಗೆ ಗಮನ ಚದುರಿರುತ್ತದೆ. ತಿದ್ದಿದ ಮೇಲೆ ಅದು, 'ಭೇದಿಯಾದಾಗಲೂ ಮಗುವಿಗೆ ಮೊಲೆಹಾಲು ಕೊಡುತ್ತಲೇ ಇರಿ. ನಿಲ್ಲಿಸಿ ಎಂದು ಯಾರು ಹೇಳಿದರೂ ಕೇಳಬೇಡಿ' ಎಂದಾಯಿತು. ಇಂಥ ದೋಷ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಗಲುತ್ತದೆ. ಉಸಿರು ಸಾಲದೆ ಹೋದ ಕಡೆ ವಾಕ್ಯವನ್ನು ಮುರಿಯಬೇಕು. 'ಮಾಡಲ್ಪಟ್ಟಿತು', 'ಹೇಳಲ್ಪಟ್ಟಿತು' ಎಂದು ಓದುವಾಗ ಕೇಳುವವರ ಮುಖವನ್ನು ನೋಡಿದರೆ ಸಾಕು, ಮಾಡಿದವರು ಯಾರು, ಹೇಳಿದವರು ಯಾರು ಎಂಬ ಪ್ರಶ್ನೆ ಅಲ್ಲಿ ಮೂಡಿರುತ್ತದೆ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಓದಿ ಹೇಳಲು ಯಾರು ಸಿಗುತ್ತಾರೆ? ಹುಣಿಸೆಹಣ್ಣು ಬಿಡಿಸುತ್ತ ಕುಳಿತ ವಿಮರ್ಶಕರು ಮನೆಯಲ್ಲಿಯೇ ಸಿಗಬೇಕು. ಅವರ ಮುಂದೆ ನನ್ನ ಎಂ.ಎ. ಪದವಿಯ ಆಟ ಇಂದಿಗೂ ನಡೆಯುವುದಿಲ್ಲ.

ನಮ್ಮ ಮನೆಯ ವ್ಯವಸ್ಥೆ ಈಗ ಬದಲಾಗಿದೆ, ಪೂರ್ತಿ ಸುಧಾರಿಸಿದೆಯೆಂದು ಹೇಳಲಾರೆ. ಬಾಗಿಲ ಹಲಗೆಗೆ ಎರಡು ಮುಖ: ಒಂದು ಕಡೆ ನನ್ನ ಹೆಸರು, ಇನ್ನೊಂದು ಕಡೆ ಅವಳ ಹೆಸರು. ಐದೂವರೆಯಿಂದ ಏಳು ನನ್ನದು, ಏಳರಿಂದ ಎಂಟೂವರೆ ಅವಳದು. ಅವಳ ಸರದಿಯಲ್ಲಿ ಕಾಫಿ ಮಾಡುವುದು, ಹಾಲಿನವನಿಗೆ ಉತ್ತರ ಹೇಳುವುದು, ಮಗಳಿಗೆ ಜಡೆ ಹಾಕುವುದು ನನ್ನ ಪಾಲು. ಜಡೆಯ ಬಗ್ಗೆ ಮಗಳ ಶಾಲೆಯಿಂದ ಒಮ್ಮೆ ವಿಚಾರಣೆಯೂ ಬಂದಿತ್ತು. ನನ್ನ ಪುಟಗಳ ಸಂಖ್ಯೆ ಅರ್ಧಕ್ಕೆ ಇಳಿದಿದೆ. ವಾರಕ್ಕೆ ಎರಡು ದಿನವಾದರೂ ನನ್ನ ಏಳು ಗಂಟೆ ಏಳೂಕಾಲಾಗುವುದುಂಟು. ಆಗ ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತದೆ. ಅಂಥ ದಿನವೇ ನಾನು ಅತಿಥಿಯ ಮುಂದೆ ಶಿಸ್ತಿನ ಮಾತೆತ್ತಿದ್ದೆ.

ಈ ಲೇಖನವನ್ನು ನೆನ್ನೆ ಬರೆದು, ರಾತ್ರಿ ಹಾಗೆಯೇ ಬಿಟ್ಟು, ಈಗ ಅಮ್ಮನಿಗೆ ಓದಿ ಹೇಳಿದೆ. ಪಂಪ ಮಹಾಕವಿ ಒಂದು ಕಾವ್ಯವನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದ ವಿಚಾರವಾಗಿ ಒಂದು ದೀರ್ಘ ಭಾಗವಿತ್ತು. "ಆ ಹುಡುಗಿಗೆ ಇದರಿಂದ ಏನಾಗಬೇಕು?" ಎಂದರು. ಹೊಡೆದುಹಾಕಿದೆ. ಏಳು ಗಂಟೆ ಮೂರು ನಿಮಿಷ. ಯಾರೋ ಬಾಗಿಲ ಹಲಗೆಯನ್ನು ತಿರುಗಿಸುತ್ತಿದ್ದಾರೆ.